ಪೆಟ್ರೋಲ್ ಕಾಕ್ ಮುಚ್ಚಿದ್ರಾ?

ಹಳೇ ಸ್ಪ್ಲೆಂಡರ್ ಒಂದರ ಎಂಜಿನ್ ಕೆಡಲು ಎರಡೂವರೆ ಟೀ ಚಮಚ ಪೆಟ್ರೋಲ್ ಸಾಕು. ಆ ಎಂಜಿನ್ 97.2 ಸಿಸಿಯದು, ಕಂಪ್ರೆಷನ್ ಅನುಪಾತ ಸುಮಾರು 9ಕ್ಕೆ 1. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ನೆತ್ತಿಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗ 12 ಮಿಲಿಲೀಟರಿನ ಆಸುಪಾಸು. ಗಾಳಿಯನ್ನಾದರೆ ಅಷ್ಟು ಜಾಗಕ್ಕೆ ಅದುಮಬಹುದು, ದ್ರವವನ್ನು ಅದುಮಲಾಗದು. ರಾತ್ರಿಯಿಡೀ ಹನಿದ ಪೆಟ್ರೋಲ್ ಸಿಲಿಂಡರಿನೊಳಗೆ ಅಷ್ಟು ನಿಂತಿರುವಾಗ, ಬೆಳಿಗ್ಗೆ ಆಫೀಸಿನ ಅವಸರದಲ್ಲಿ ಸೆಲ್ಫ್ ಬಟನ್ ಒತ್ತಿದರೆ ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಗಕ್ಕನೆ ನಿಲ್ಲುತ್ತದೆ. ಮೋಟರ್ ತಿರುಗಿಸುತ್ತಲೇ ಇರುತ್ತದೆ. ನಡುವೆ ಸಿಕ್ಕಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ. ಕಿಕ್ ಹೊಡೆಯುವವರಿಗೆ ಕಾಲೇ ಹೇಳಿಬಿಡುತ್ತದೆ, ಏನೋ ಅಡ್ಡ ಸಿಕ್ಕಿದೆ ಎಂದು. ಸೆಲ್ಫ್ ಸ್ಟಾರ್ಟ್‌ಗೆ ಆ ಸೂಕ್ಷ್ಮ ಇಲ್ಲ.

ಇದು ದಿನಾ ಆಗುವಂಥದ್ದಲ್ಲ, ಹೆದರಿಸುವುದು ಬೇಡ. ಇನ್‌ಲೆಟ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಎಂಜಿನ್ ನಿಂತಿರಬೇಕು, ಹನಿಯುವ ವೇಗ ರಿಂಗ್‌ಗಳ ಸಂದಿಯಿಂದ ಕೆಳಗೆ ಜಾರುವ ವೇಗಕ್ಕಿಂತ ಹೆಚ್ಚಿರಬೇಕು. ಸಾಮಾನ್ಯವಾಗಿ ನಡೆಯುವುದು ಇನ್ನೊಂದು, ಅದು ಸದ್ದಿಲ್ಲದ್ದು. ಪೆಟ್ರೋಲ್ ರಿಂಗ್‌ಗಳನ್ನು ದಾಟಿ ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಗಾಡಿ ಒಂದೆರಡು ಕಿಕ್ ಹೆಚ್ಚು ಕೇಳಿ ಸ್ಟಾರ್ಟ್ ಆಗುತ್ತದೆ, ಒಂದಿಷ್ಟು ಕಪ್ಪು ಹೊಗೆ ಉಗುಳುತ್ತದೆ, ಓಡುತ್ತದೆ. ಆರು ತಿಂಗಳ ಮೇಲೆ ಎಂಜಿನ್ ಬಿಚ್ಚಿದಾಗ ಕ್ಯಾಮ್ ಸವೆದಿರುತ್ತದೆ, ಬೇರಿಂಗ್ ಕಿರುಗುಟ್ಟುತ್ತಿರುತ್ತದೆ. ಮಾಲೀಕರು ದೂರುವುದು ಆಯಿಲ್ ಕಂಪನಿಯನ್ನು.

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕ್‌ಗಳು ಬಹುಪಾಲು ಫ್ಯುಯೆಲ್ ಇಂಜೆಕ್ಷನ್‌ಗೆ ತಿರುಗಿದವು. ಅವುಗಳಲ್ಲಿ ಕೀ ತಿರುಗಿಸಿದರೆ ಪಂಪ್ ನಿಲ್ಲುತ್ತದೆ, ಪೆಟ್ರೋಲೂ ನಿಲ್ಲುತ್ತದೆ. ಅದಕ್ಕೂ ಹಿಂದಿನ ಗಾಡಿಗಳಲ್ಲಿ, ಅಂದರೆ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ–ಯೆಜ್ಡಿ, ಆರ್‌ಎಕ್ಸ್ 100, ಹಳೇ ಬುಲೆಟ್, ಸಿಡಿ 100, ಸ್ಪ್ಲೆಂಡರ್‌ಗಳಲ್ಲಿ, ಟ್ಯಾಂಕ್ ಮೇಲೆ, ಕಾರ್ಬೊರೇಟರ್ ಕೆಳಗೆ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೀ ಆಫ್ ಮಾಡಿದರೆ ಸ್ಪಾರ್ಕ್ ನಿಂತೀತು, ಗುರುತ್ವಾಕರ್ಷಣೆ ನಿಲ್ಲುವುದಿಲ್ಲ. ಅದನ್ನು ತಡೆಯಲೆಂದೇ ಟ್ಯಾಂಕಿನ ಹೊಟ್ಟೆಯಡಿ ಎಡಗೈಗೆ ಸಿಗುವಂತೆ ಒಂದು ಕಾಕ್ ಕೊಟ್ಟಿದ್ದಾರೆ. ಅದನ್ನು ನಾವು ಮುಟ್ಟುವುದು ಪೆಟ್ರೋಲ್ ಮುಗಿದು ರಿಸರ್ವ್‌ಗೆ ತಿರುಗಿಸುವಾಗ ಮಾತ್ರ. ಮುಚ್ಚುವುದಂತೂ ಇಲ್ಲವೇ ಇಲ್ಲ. ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್ ಎಂಬ ಜಾಹೀರಾತು ಕೇಳಿ ಬೆಳೆದವರು ನಾವು. ಮೊದಲನೆಯದನ್ನೂ ಮೂರನೆಯದನ್ನೂ ಚಾಚೂ ತಪ್ಪದೆ ಪಾಲಿಸಿದ್ದೇವೆ.

‘ಕಾಕ್ ಯಾಕೆ ಮುಚ್ಚಬೇಕು, ಕಾರ್ಬೊರೇಟರಲ್ಲಿ ಫ್ಲೋಟ್ ಇದೆಯಲ್ಲ’ ಎನ್ನುವವರಿದ್ದಾರೆ. ಇದೆ, ನಿಜ. ಕಾರ್ಬೊರೇಟರಿನ ಕೆಳಗಿನ ಬಟ್ಟಲಿನಲ್ಲಿ ಒಂದು ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ಏರಿದಂತೆ ಅದೂ ಏರಿ, ಒಂದು ಪುಟ್ಟ ಸೂಜಿಯನ್ನು ಮೇಲಕ್ಕೆ ಒತ್ತಿ, ದಾರಿ ಮುಚ್ಚುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹೇಗೋ ಹಾಗೆ. ಬಾಲ್ ವಾಲ್ವ್ ಇದ್ದೂ ವರ್ಷಕ್ಕೊಮ್ಮೆಯಾದರೂ ತಾರಸಿಯಿಂದ ನೀರು ಸುರಿಯುವುದನ್ನು ನೋಡಿದ್ದೇವಲ್ಲ! ಓಡುತ್ತಿರುವ ಎಂಜಿನ್‌ಗೆ ಮಟ್ಟ ಕಾಯ್ದುಕೊಡುವುದು ಆ ಸೂಜಿಯ ಕೆಲಸ. ತುಂಬಿದ ಟ್ಯಾಂಕನ್ನು ಹನ್ನೆರಡು ಗಂಟೆ ಹಿಡಿದು ನಿಲ್ಲಿಸಲು ಅದನ್ನು ಮಾಡಿದ್ದಲ್ಲ. ಅದರ ತುದಿಯಲ್ಲಿ ಕಡಲೆಕಾಳಿಗಿಂತ ಸಣ್ಣ ರಬ್ಬರ್ ಮೊನೆ. ಆ ಮೊನೆಗೂ ಹಿತ್ತಾಳೆಯ ಸೀಟಿಗೂ ನಡುವೆ ಟ್ಯಾಂಕಿನಿಂದ ಬಂದ ತುಕ್ಕಿನ ಒಂದು ಕಣ ಕೂತರೆ ಮುಗಿಯಿತು, ಸೆಕೆಂಡಿಗೊಂದು ಹನಿ.

ಸೆಕೆಂಡಿಗೊಂದು ಹನಿ ಎಂದರೆ ಏನು ಮಹಾ ಅನ್ನಿಸಬಹುದು. ಪೆಟ್ರೋಲಿನ ಹನಿ ನೀರಿನ ಹನಿಗಿಂತ ಸಣ್ಣದು, ಒಂದು ಮಿಲಿಲೀಟರಿಗೆ ಐವತ್ತರಷ್ಟು ಎಂದುಕೊಳ್ಳಿ. ಎಂಟು ಗಂಟೆಯ ನಿದ್ದೆಯಲ್ಲಿ ಅರ್ಧ ಲೀಟರ್ ದಾಟುತ್ತದೆ. ಲೀಟರಿಗೆ ನೂರು ರೂಪಾಯಿ ಮೀರಿದ ಕಾಲದಲ್ಲಿ ಆ ದುಡ್ಡಿನ ಲೆಕ್ಕವೇ ಬೇರೆ ಇದೆ. ಆದರೆ ಕೇಳಬೇಕಾದ ಪ್ರಶ್ನೆ ಆ ಅರ್ಧ ಲೀಟರ್ ಎಲ್ಲಿಗೆ ಹೋಯಿತು ಎಂಬುದು.

ಬೆಳಿಗ್ಗೆ ಗಾಡಿಯಡಿ ಸಿಮೆಂಟಿನ ಮೇಲೆ ಕಲೆ ಕಂಡರೆ, ಮೂಗಿಗೆ ವಾಸನೆ ಬಡಿದರೆ, ಪುಣ್ಯ ಮಾಡಿದ್ದೀರಿ ಎಂದೇ ತಿಳಿಯಿರಿ. ಕಾರ್ಬೊರೇಟರ್ ಬಟ್ಟಲಿನೊಳಗೆ ಸಾಮಾನ್ಯವಾಗಿ ಒಂದು ಸಣ್ಣ ಹಿತ್ತಾಳೆ ನಳಿಗೆ ನಿಂತಿರುತ್ತದೆ, ಮಟ್ಟ ಮೀರಿದ ಪೆಟ್ರೋಲ್ ಅದರ ಬಾಯಿಯಿಂದ ಇಳಿದು ಓವರ್‌ಫ್ಲೋ ಪೈಪಿನ ಮೂಲಕ ನೆಲಕ್ಕೆ ಬೀಳುತ್ತದೆ. ಎಂಜಿನ್ ಉಳಿಯಲಿ ಎಂದೇ ಮಾಡಿದ ಏರ್ಪಾಡು ಅದು. ಕಾಣುವ ಸೋರಿಕೆ ಜೇಬಿಗೆ ನಷ್ಟ, ಕಾಣದ ಸೋರಿಕೆ ಎಂಜಿನ್‌ಗೆ ನಷ್ಟ. ಎಷ್ಟೋ ಮಂದಿ ನೆಲ ಕೊಳೆಯಾಗುತ್ತದೆಂದು ಆ ಪೈಪನ್ನು ಮಡಚಿ ಕಟ್ಟುತ್ತಾರೆ ಅಥವಾ ತುದಿಗೆ ಸ್ಕ್ರೂ ತುರುಕುತ್ತಾರೆ. ನಮ್ಮ ಕಡೆ ಇದೇ ಕೆಲಸವನ್ನು ಕುಂಬಾರ ಹುಳವೂ ಮಾಡುತ್ತದೆ. ಕಿಟಕಿ ಸಂದಿ, ಸ್ವಿಚ್ ಬೋರ್ಡಿನ ತೂತು ಬಿಡದ ಆ ಹುಳಕ್ಕೆ ಓವರ್‌ಫ್ಲೋ ಪೈಪಿನ ಬಾಯಿ ಹೇಳಿ ಮಾಡಿಸಿದ ಜಾಗ. ಒಳಗೆ ಮಣ್ಣು ಮೆತ್ತಿ ಒಣಗಿದ ಮೇಲೆ ಪೆಟ್ರೋಲಿಗೆ ಉಳಿಯುವುದು ಒಂದೇ ದಾರಿ. ಸ್ಪ್ಲೆಂಡರ್ ಮಾದರಿಯ ಮುಂದಕ್ಕೆ ಮಲಗಿದ ಸಿಲಿಂಡರಿನ ಗಾಡಿಗಳಲ್ಲಿ ಕಾರ್ಬೊರೇಟರ್ ಮೇಲೆ ಕೂತಿರುವುದರಿಂದ ಆ ದಾರಿ ಇಳಿಜಾರು, ನೇರ ಎಂಜಿನ್ನಿನ ಒಳಕ್ಕೆ.

ಹಾಗಾಗಿ ಮೊದಲ ಪರೀಕ್ಷೆ ಆಯಿಲ್‌ದು. ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಒಂದು ಅಭ್ಯಾಸವಿದೆ. ಗಾಡಿ ತಂದವರು ಬಾಯಿ ಬಿಡುವ ಮೊದಲೇ ಡಿಪ್‌ಸ್ಟಿಕ್ ತಿರುಚಿ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಾರೆ. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಒಂದು ಹನಿ ಉಜ್ಜಿ ನಿಧಾನಕ್ಕೆ ಅಗಲಿಸುತ್ತಾರೆ. ಒಳ್ಳೆಯ ಆಯಿಲ್ ಎಳೆ ಬಿಡುತ್ತದೆ, ಪೆಟ್ರೋಲ್ ಬೆರೆತದ್ದು ನೀರಾಗಿ ಜಾರುತ್ತದೆ. ಮಟ್ಟವನ್ನೂ ನೋಡಬೇಕು. ಹೋಂಡಾ ಮಾದರಿಯ ಎಂಜಿನ್‌ಗಳಲ್ಲಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕಡ್ಡಿಯನ್ನು ಒರೆಸಿ, ತಿರುಚದೆ ಹಾಗೇ ಇಳಿಬಿಟ್ಟು ನೋಡುವುದು ಕ್ರಮ. ಆಯಿಲ್ ಕಡಿಮೆಯಾದರೆ ಎಲ್ಲರೂ ಗಾಬರಿ ಬೀಳುತ್ತಾರೆ, ಹೆಚ್ಚಾದರೆ ಸಂತೋಷಪಡುವವರೂ ಇದ್ದಾರೆ! ಯಾರೂ ಸುರಿಯದೆ ಆಯಿಲ್ ಏರಿದೆಯೆಂದರೆ ಏರಿದ್ದು ಪೆಟ್ರೋಲ್. ಸ್ಪ್ಲೆಂಡರ್ ಹಿಡಿಸುವ ಒಟ್ಟು ಆಯಿಲೇ ಒಂದು ಲೀಟರ್ ಆಸುಪಾಸು. ಅದರಲ್ಲಿ ಅರ್ಧ ಲೀಟರ್ ಪೆಟ್ರೋಲ್ ಬೆರೆತರೆ ಕ್ಯಾಮಿಗೂ ಕ್ರ್ಯಾಂಕಿಗೂ ಸಿಗುವ ಜಾರಿಕೆ ಎಷ್ಟು, ನೀವೇ ಹೇಳಿ.

ಅಂಥ ಗಾಡಿಯನ್ನು ‘ಒಂದು ರೌಂಡ್ ಓಡಿಸಿದ್ರೆ ಸರಿ ಹೋಗುತ್ತೆ’ ಎನ್ನುವವರ ಮಾತು ಕೇಳಬಾರದು. ಕಾಕ್ ಮುಚ್ಚಿ, ಸ್ಟಾರ್ಟ್ ಮಾಡದೆ ಆಯಿಲ್ ಪೂರ್ತಿ ಇಳಿಸಬೇಕು. ಕಿಕ್ ಗಟ್ಟಿಯಾಗಿದ್ದರೆ ಬಲ ಹಾಕಬಾರದು. ಕೀ ಆಫ್ ಇಟ್ಟು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ಗಿನ ವೈರನ್ನು ತೂತಿನಿಂದ ದೂರ ಸರಿಸಿ, ತೂತಿನ ಮೇಲೆ ಬಟ್ಟೆ ಹಿಡಿದು ಕಿಕ್ಕರನ್ನು ಕೈಯಿಂದ ನಿಧಾನವಾಗಿ ಅದುಮಬೇಕು. ಒಳಗಿದ್ದದ್ದು ಚಿಮ್ಮಿ ಹೊರಬರುತ್ತದೆ. ಇದನ್ನು ಬಯಲಿನಲ್ಲಿ, ಬೀಡಿ–ಸಿಗರೇಟು ಹತ್ತಿರ ಸುಳಿಯದಂತೆ ಮಾಡಬೇಕು. ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪೊರೆಯನ್ನೂ ತೊಳೆದಿರುತ್ತದೆ, ಆದ್ದರಿಂದ ಪ್ಲಗ್ ಹಾಕುವ ಮೊದಲು ಒಂದು ಚಮಚ ಆಯಿಲ್ ಬಿಟ್ಟು ನಾಲ್ಕು ಸಲ ತಿರುಗಿಸಿದರೆ ರಿಂಗ್ ಒಣಗಿ ಉಜ್ಜುವುದು ತಪ್ಪುತ್ತದೆ. ಹೊಸ ಆಯಿಲ್ ಹಾಕಿ ಒಂದಿಷ್ಟು ದಿನ ಓಡಿಸಿ ಮತ್ತೊಮ್ಮೆ ಬದಲಿಸಿ. ದುಬಾರಿ ಅನ್ನಿಸಿದರೆ ಬೋರ್ ಕೆಲಸಕ್ಕೆ ಈಗ ಎಷ್ಟಾಗುತ್ತದೆಂದು ಲೇತ್ ಅಂಗಡಿಯಲ್ಲಿ ಒಂದು ಮಾತು ಕೇಳಿ ಬನ್ನಿ.

ಇನ್ನು ಸೋರಿಕೆಯ ಮೂಲ ಹುಡುಕುವ ಬಾಬತ್ತು. ಇಲ್ಲಿ ಹೆಚ್ಚಿನವರು ಮೊದಲ ದಿನವೇ ಕಾರ್ಬೊರೇಟರ್ ಬಿಚ್ಚಿಸುತ್ತಾರೆ. ನಾನಾದರೆ ಕಾಕ್‌ನಿಂದ ಶುರುಮಾಡಿ ಎನ್ನುತ್ತೇನೆ. ಕಾಕ್ ಆಫ್ ಮಾಡಿ, ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಕಳಚಿ, ಒಂದು ಗಾಜಿನ ಬಾಟಲಿಗೆ ಇಳಿಬಿಟ್ಟು ಒಂದೆರಡು ಗಂಟೆ ಕಾಯಿರಿ. ಬಾಟಲಿ ಒಣಗಿದ್ದರೆ ಕಾಕ್ ಸರಿಯಿದೆ. ತಳದಲ್ಲಿ ಪೆಟ್ರೋಲ್ ಕೂತಿದ್ದರೆ, ನೀವು ಇಷ್ಟು ದಿನ ಕಾಕ್ ಮುಚ್ಚಿದ್ದೂ ಲೆಕ್ಕಕ್ಕಿಲ್ಲ. ಒಳಗಿರುವುದು ಹೆಚ್ಚೇನಲ್ಲ: ನಾಲ್ಕು ತೂತಿನ ಒಂದು ರಬ್ಬರ್ ಬಿಲ್ಲೆ, ಅದರ ಮೇಲೆ ತಿರುಗುವ ಲಿವರ್, ಒತ್ತಿ ಹಿಡಿಯುವ ಅಲೆಯಾಕಾರದ ಸ್ಪ್ರಿಂಗ್. ವರ್ಷಗಟ್ಟಲೆ ಆನ್‌ನಲ್ಲೇ ಇದ್ದ ಬಿಲ್ಲೆ ಒಂದೇ ಕಡೆ ತಗ್ಗು ಬಿದ್ದು ಗಟ್ಟಿಯಾಗಿರುತ್ತದೆ. ಒಂದು ದಿನ ಜ್ಞಾನೋದಯವಾಗಿ ಆಫ್ ಮಾಡಹೊರಟರೆ, ಅದುವರೆಗೆ ಸೋರದ ಕಾಕ್ ಲಿವರಿನ ಬುಡದಲ್ಲಿ ಸೋರಲು ಶುರುವಾಗುತ್ತದೆ. ‘ಮುಟ್ಟಿದ್ದಕ್ಕೇ ಕೆಟ್ಟಿತು’ ಎಂದು ಜನ ಹೇಳುವುದು ಇದನ್ನೇ. ಕೆಟ್ಟಿದ್ದು ಮುಟ್ಟದೆ ಬಿಟ್ಟಿದ್ದಕ್ಕೆ. ಹಳೇ ಗಾಡಿ ಕೊಂಡವರು ಮೊದಲ ವಾರವೇ ಈ ರಬ್ಬರ್‌ಗಳನ್ನು ಬದಲಿಸಿಬಿಡುವುದು ಕ್ಷೇಮ.

ಕೆಲವು ಗಾಡಿಗಳಲ್ಲಿ, ಗೇರಿಲ್ಲದ ಹಳೇ ಸ್ಕೂಟರ್‌ಗಳಲ್ಲೂ, ಎಂಜಿನ್ ಎಳೆತಕ್ಕೆ ತಾನೇ ತೆರೆಯುವ ವ್ಯಾಕ್ಯೂಮ್ ಕಾಕ್ ಇರುತ್ತದೆ. ಜಾಣ ಏರ್ಪಾಡು, ಮರೆಯುವವರಿಗೆಂದೇ ಮಾಡಿದ್ದು. ಆದರೆ ಅದರೊಳಗಿನ ತೆಳು ರಬ್ಬರ್ ಪರದೆ ಹರಿದರೆ ಪೆಟ್ರೋಲ್ ಕಾರ್ಬೊರೇಟರಿನ ಗೊಡವೆಯೇ ಇಲ್ಲದೆ ವ್ಯಾಕ್ಯೂಮ್ ಪೈಪಿನ ಮೂಲಕ ಎಂಜಿನ್ ಸೇರುತ್ತದೆ. ಆ ಪೈಪನ್ನು ಕಳಚಿ ನೋಡಿದಾಗ ಒಳಗೆ ಒದ್ದೆಯಿದ್ದರೆ ಮತ್ತೇನೂ ಯೋಚಿಸಬೇಕಿಲ್ಲ, ಕಾಕ್ ಬದಲಿಸಿ.

ಕಾಕ್ ಸರಿಯಿದ್ದು ಕಾರ್ಬೊರೇಟರ್ ಸೋರುತ್ತಿದ್ದರೆ ಆಗ ಅದರ ಸರದಿ. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಎರಡು ಏಟು ಕೊಡುವುದು ಎಲ್ಲ ಮೆಕ್ಯಾನಿಕ್‌ಗಳ ಮೊದಲ ಚಿಕಿತ್ಸೆ. ಸಿಕ್ಕಿಕೊಂಡ ಕಣ ಜಾರಿ ಸೋರಿಕೆ ನಿಲ್ಲುವುದೂ ಉಂಟು. ರಸ್ತೆ ಮಧ್ಯೆ ಅದು ಸರಿ, ಮನೆ ಸೇರಿದ ಮೇಲೆ ಬಿಚ್ಚಿ ನೋಡಬೇಕು. ಸೂಜಿಯನ್ನು ಬೆಳಕಿಗೆ ಹಿಡಿದರೆ ರಬ್ಬರ್ ಮೊನೆಯ ಸುತ್ತ ಉಗುರಿಗೆ ತಾಗುವಂಥ ಒಂದು ಉಂಗುರದ ಗೆರೆ ಕಾಣಬಹುದು. ಸೀಟಿನ ಅಂಚು ವರ್ಷಗಳಿಂದ ಒತ್ತಿ ಮೂಡಿಸಿದ ಗೆರೆ. ಅದು ಮೂಡಿದ್ದರೆ ಸೂಜಿಯ ಆಯುಸ್ಸು ಮುಗಿದಂತೆ, ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಫ್ಲೋಟ್ ಹಿತ್ತಾಳೆಯದಾದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ತುಳುಕುವ ಸದ್ದು ಬಂದರೆ ಬೆಸುಗೆ ಬಿಟ್ಟು ಪೆಟ್ರೋಲ್ ಕುಡಿದಿದೆ, ತೇಲಬೇಕಾದದ್ದು ಮುಳುಗುತ್ತಿದೆ. ಬಿಸಿನೀರಿನಲ್ಲಿ ಅದ್ದಿದರೆ ಗುಳ್ಳೆ ಏಳುವ ಜಾಗವೇ ತೂತು.

ಸೂಜಿ ಹೊಸದು, ಫ್ಲೋಟ್ ಸರಿ, ಆದರೂ ತೊಟ್ಟಿಕ್ಕುತ್ತಲೇ ಇದೆ, ಮೂರು ಸಲ ಕಿಟ್ ಬದಲಿಸಿ ಆಯಿತು ಎನ್ನುವ ಕೇಸುಗಳಿರುತ್ತವೆ. ಅಂಥಲ್ಲಿ ಬಟ್ಟಲಿನೊಳಗಿನ ಆ ಹಿತ್ತಾಳೆ ನಳಿಗೆಯನ್ನೇ ನೋಡಬೇಕು. ಅದರಲ್ಲಿ ಕೂದಲೆಳೆಯ ಬಿರುಕಿದ್ದರೆ ಪೆಟ್ರೋಲ್ ಮಟ್ಟ ಸರಿಯಾಗಿದ್ದರೂ ಸೋರುತ್ತದೆ. ಬಟ್ಟಲನ್ನು ಬಿಚ್ಚಿ ಕೈಯಲ್ಲಿ ಹಿಡಿದು, ನಳಿಗೆಯ ಬಾಯಿಗಿಂತ ಕೆಳಗಿನವರೆಗೆ ಪೆಟ್ರೋಲ್ ತುಂಬಿ ಐದು ನಿಮಿಷ ಕಾದರೆ ಸತ್ಯ ಹೊರಬೀಳುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಮಾತ್ರ ಸೋರಿ, ಸೆಂಟರ್ ಸ್ಟ್ಯಾಂಡಿನಲ್ಲಿ ಸೋರದ ಗಾಡಿಗಳ ಕತೆ ಬೇರೆ. ಅಲ್ಲಿ ಫ್ಲೋಟ್ ಮಟ್ಟ ತುಸು ಮೇಲಿದೆ, ವಾಲಿದಾಗ ಅಂಚು ದಾಟುತ್ತಿದೆ. ಮಟ್ಟ ನೋಡಲು ಒಂದು ಚೆಂದದ ಉಪಾಯವಿದೆ. ಬಟ್ಟಲಿನ ಡ್ರೈನ್ ಮೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತೆರೆದ ತುದಿಯನ್ನು ಬಟ್ಟಲಿನ ಪಕ್ಕದಲ್ಲಿ ಮೇಲಕ್ಕೆ ಹಿಡಿದು, ಡ್ರೈನ್ ಸ್ಕ್ರೂ ಸಡಿಲಿಸಿ. ಒಳಗೆ ಎಷ್ಟಿದೆಯೋ ಪೈಪಿನಲ್ಲೂ ಅಷ್ಟೇ ಎತ್ತರಕ್ಕೆ ಪೆಟ್ರೋಲ್ ನಿಲ್ಲುತ್ತದೆ. ಬಟ್ಟಲು ಕೂಡುವ ಅಂಚಿಗಿಂತ ಅದು ಮೇಲಿದ್ದರೆ ಸಾಮಾನ್ಯವಾಗಿ ಹೆಚ್ಚೇ. ಪಕ್ಕಾ ಅಳತೆಗೆ ಆಯಾ ಗಾಡಿಯ ಸರ್ವಿಸ್ ಪುಸ್ತಕ ನೋಡಬೇಕು.

ಸೋರಿಕೆಯನ್ನೇ ಗುಣವಾಗಿ ಬಳಸಿಕೊಂಡ ಕಾಲವೂ ಇತ್ತು. 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಶುರುವಾದ ಜಾವಾಗಳ ಜಿಕೋವ್ ಕಾರ್ಬೊರೇಟರಿನ ಮೇಲೆ ಟಿಕ್ಲರ್ ಎಂಬ ಪುಟ್ಟ ಗುಂಡಿ. ಚಳಿಯ ಬೆಳಿಗ್ಗೆ ಅದನ್ನು ಒತ್ತಿದರೆ ಫ್ಲೋಟ್ ಕೆಳಗಿಳಿದು ಪೆಟ್ರೋಲ್ ಉಕ್ಕುತ್ತದೆ, ಬೆರಳು ಒದ್ದೆಯಾದರೆ ಸಾಕು ಎಂದರ್ಥ, ಆಮೇಲೆ ಕಿಕ್. ಯೆಜ್ಡಿ ಕುಟುಂಬಗಳಲ್ಲಿ ಮಕ್ಕಳಿಗೆ ಮೊದಲು ಸಿಗುತ್ತಿದ್ದ ಜವಾಬ್ದಾರಿ ಈ ಗುಂಡಿ ಒತ್ತುವುದು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಪ್ರತಿ ವರ್ಷ ಜುಲೈ ಎರಡನೇ ಭಾನುವಾರದ ಜಾವಾ–ಯೆಜ್ಡಿ ದಿನದಂದು ಬೆಂಗಳೂರು, ಮೈಸೂರಿನ ರಸ್ತೆಗಿಳಿಯುವ ಆ ಗಾಡಿಗಳನ್ನು ನೋಡಿದರೆ ಸರಿಯಾಗಿ ನೋಡಿಕೊಂಡ ಕಬ್ಬಿಣಕ್ಕೆ ವಯಸ್ಸಾಗುವುದಿಲ್ಲ ಎನ್ನಿಸುತ್ತದೆ. ವಯಸ್ಸಾಗುವುದು ರಬ್ಬರಿಗೆ.

ರಬ್ಬರ್ ಎಂದಾಗ ಎಥೆನಾಲ್ ವಿಷಯ ಬರಲೇಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಪ್ರಧಾನಿ ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಶೇ 20ರಷ್ಟು ಎಥೆನಾಲ್ ಬೆರೆಸಿದ ಈ ಪೆಟ್ರೋಲೇ ಈಗ ಬಂಕ್‌ಗಳಲ್ಲಿ ಮಾಮೂಲು. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಪಾಲೂ ಅದರಲ್ಲಿದೆ, ರೈತನಿಗೆ ನಾಲ್ಕು ಕಾಸು ಸಿಕ್ಕರೆ ಬೇಡ ಎನ್ನಲಾಗದು. ಆದರೆ 1985ರ ಆರ್‌ಎಕ್ಸ್ 100ಕ್ಕೆ ಇದು ಗೊತ್ತಿಲ್ಲ. ಹಳೇ ಕಾಲದ ಬಿಲ್ಲೆ, ಓ-ರಿಂಗ್, ಪೈಪುಗಳು ಎಥೆನಾಲ್‌ಗೆ ಉಬ್ಬುತ್ತವೆ, ಮೆತ್ತಗಾಗುತ್ತವೆ, ಒಣಗಿದಾಗ ಬಿರುಕು ಬಿಡುತ್ತವೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಪೈಪಂತೂ ಕೆಲವೇ ತಿಂಗಳಲ್ಲಿ ಹಳದಿಯಾಗಿ ಕಡ್ಡಿಯಾಗುತ್ತದೆ, ಕ್ಲಿಪ್ ಹಾಕಿದಲ್ಲೇ ಸೀಳುತ್ತದೆ. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪ್ ಕೇಳಿ ತರಬೇಕು, ಅದೂ ಬಿಸಿ ಹೆಡ್ಡಿಗೆ ತಾಗದಂತೆ ಹಾಯಿಸಬೇಕು.

ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ ಎಂಬುದು ಇನ್ನೊಂದು ತಾಪತ್ರಯ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಕೂರುತ್ತದೆ. ನೀರು ಒಂದು ಮಿತಿ ಮೀರಿದರೆ ಎಥೆನಾಲ್ ಅದನ್ನು ಅಪ್ಪಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ತಳದಲ್ಲಿರುವುದು ಕಾಕ್. ಆನ್ ಸ್ಥಾನದಲ್ಲಿ ಪೆಟ್ರೋಲ್ ಬರುವುದು ಟ್ಯಾಂಕಿನೊಳಗೆ ಎದ್ದು ನಿಂತ ನಳಿಗೆಯಿಂದ, ರಿಸರ್ವ್‌ನಲ್ಲಿ ಬುಡದ ತೂತಿನಿಂದ. ಹಾಗಾಗಿ ತಿಂಗಳುಗಟ್ಟಲೆ ಸಂಗ್ರಹವಾದ ನೀರು, ತುಕ್ಕು, ಕೆಸರೆಲ್ಲ ನೀವು ರಿಸರ್ವ್‌ಗೆ ತಿರುಗಿಸಿದ ಕ್ಷಣ ಕಾರ್ಬೊರೇಟರ್ ಸೇರುತ್ತದೆ. ‘ರಿಸರ್ವ್‌ಗೆ ಬಿಡಬೇಡಿ, ಕಸ ಬರುತ್ತೆ’ ಎಂಬ ಬುದ್ಧಿವಾದ ನನಗೆ ಒಪ್ಪಿಗೆಯಿಲ್ಲ. ಆಗಾಗ ಬಿಟ್ಟರೆ ಕಸ ಕೂರುವುದೇ ಇಲ್ಲ.

ಟ್ಯಾಂಕಿನ ಮುಚ್ಚಳಕ್ಕೂ ಒಂದು ಮಾತು. ಅದರಲ್ಲಿ ಗಾಳಿಯಾಡಲು ಸೂಜಿಗಣ್ಣಿನಷ್ಟು ದಾರಿ ಇರುತ್ತದೆ. ಧೂಳು, ಪಾಲಿಷ್ ಮೆತ್ತಿ ಅದು ಕಟ್ಟಿದರೆ ಎರಡು ಬಗೆಯ ಕಷ್ಟ. ಓಡುವಾಗ ಒಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದಿಲ್ಲ. ಬಿಸಿಲಲ್ಲಿ ನಿಂತಾಗ ಒತ್ತಡ ಏರಿ ಸೂಜಿಯನ್ನು ತಳ್ಳಿ ಪೆಟ್ರೋಲ್ ನುಗ್ಗುತ್ತದೆ. ಒಂದು ಲೀಟರ್ ಪೆಟ್ರೋಲ್ ಪ್ರತಿ ಡಿಗ್ರಿ ಬಿಸಿಗೆ ಸುಮಾರು 1 ಮಿಲಿಲೀಟರ್ ಹಿಗ್ಗುತ್ತದೆ. ಬೆಳಿಗ್ಗೆ ಬಂಕಿನಲ್ಲಿ ಕುತ್ತಿಗೆವರೆಗೆ 12 ಲೀಟರ್ ತುಂಬಿಸಿ, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿ, ಟ್ಯಾಂಕ್ 20 ಡಿಗ್ರಿ ಕಾದರೆ ಕಾಲು ಲೀಟರಿನಷ್ಟು ಪೆಟ್ರೋಲಿಗೆ ಜಾಗವೇ ಇರುವುದಿಲ್ಲ. ಕುತ್ತಿಗೆಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ ಎನ್ನುವುದು ಜಿಪುಣತನದ ಮಾತಲ್ಲ.

ಇಷ್ಟು ಹೊತ್ತು ಹೇಳಿದ್ದು ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗುವ ಕತೆ. ಕಡಿಮೆಯಾದರೂ ಎಂಜಿನ್ ಉಳಿಯುವುದಿಲ್ಲ, ಅದರಲ್ಲೂ ಟೂ ಸ್ಟ್ರೋಕ್. ಕಾರ್ಬೊರೇಟರನ್ನೂ ಎಂಜಿನ್ನನ್ನೂ ಕೂಡಿಸುವ ರಬ್ಬರ್ ಮೂತಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಸಣ್ಣ ಸೀಳುಗಳಿದ್ದರೆ ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಹೋಗುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ರೇಸಿಂಗ್ ತಕ್ಷಣ ಇಳಿಯದಿದ್ದರೆ ಅದೇ ಗುರುತು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಆದಾಗ ಸಿಲಿಂಡರ್ ಅತಿಯಾಗಿ ಕಾಯುತ್ತದೆ, ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಬೆಳ್ಳಗಾಗುತ್ತದೆ. ಇ-20 ಕೂಡ ಅದೇ ದಿಕ್ಕಿಗೆ ತಳ್ಳುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲ್‌ಗೆ 9 ಕಿಲೋ ಸಾಕು, ಇ-20ಕ್ಕೆ ಸುಮಾರು 13.5. ಇಂಜೆಕ್ಷನ್ ಗಾಡಿಯ ಸೆನ್ಸರ್ ಇದನ್ನು ಗ್ರಹಿಸಿ ಸರಿದೂಗಿಸುತ್ತದೆ, ಹಿತ್ತಾಳೆಯ ಜೆಟ್‌ಗೆ ಆ ಬುದ್ಧಿ ಇಲ್ಲ. ಹಾಗೆಂದು ಇ-20 ಹಾಕಿದ ಮಾತ್ರಕ್ಕೆ ಎಂಜಿನ್ ಸುಟ್ಟುಹೋಗುತ್ತದೆ ಎನ್ನುವುದು ಉತ್ಪ್ರೇಕ್ಷೆ. ಸೀಳಿದ ರಬ್ಬರ್, ಅರ್ಧ ಕಟ್ಟಿದ ಜೆಟ್, ಅದರ ಮೇಲೆ ಇ-20, ಇವು ಮೂರೂ ಕೂಡಿದಾಗ ಪಿಸ್ಟನ್ ಹಿಡಿಯುತ್ತದೆ. ಮೊದಲೆರಡು ನಮ್ಮ ಕೈಯಲ್ಲಿವೆ. ಅವೆರಡನ್ನೂ ಸರಿಪಡಿಸಿದ ಮೇಲೂ ಪ್ಲಗ್ ಬಿಳಿಯಾಗಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸುವ ಬಗ್ಗೆ ಯೋಚಿಸಬಹುದು.

ಯೆಜ್ಡಿಯಂಥ ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಗಳಲ್ಲಿ ಘಾಟಿ ಇಳಿಯುವಾಗ ಇನ್ನೊಂದು ಅಪಾಯ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಒಳಗೆ ಪೆಟ್ರೋಲ್ ಹೆಚ್ಚು ಹೋಗುತ್ತಿರುವುದಿಲ್ಲ. ಪೆಟ್ರೋಲ್ ಇಲ್ಲವೆಂದರೆ ಆಯಿಲೂ ಇಲ್ಲ. ಹಳಬರು ತಿರುವಿಗೊಮ್ಮೆ ಆಕ್ಸಿಲರೇಟರ್ ಗುರ್ರೆನ್ನಿಸುತ್ತಾ ಇಳಿಯುತ್ತಿದ್ದುದು ಶೋಕಿಗಲ್ಲ. ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲೆ ಇರುತ್ತಿದ್ದುದಕ್ಕೂ ಕಾರಣವಿತ್ತು. ಪಿಸ್ಟನ್ ಹಿಡಿದ ಕ್ಷಣ ಕ್ಲಚ್ ಒತ್ತದಿದ್ದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ.

ಬೆಂಕಿಯ ಬಗ್ಗೆ ಕಡಿಮೆ ಮಾತಿನಲ್ಲಿ ಹೇಳುತ್ತೇನೆ, ಆದರೆ ಇದನ್ನು ಮರೆಯಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ, ಮೇಲೇರಿ ಹೋಗದೆ ನೆಲದ ಮೇಲೆ ಹರಿಯುತ್ತದೆ. ಕಳ್ಳರ ಭಯಕ್ಕೆ ಗಾಡಿಯನ್ನು ಪಡಸಾಲೆಯೊಳಗೆ ನಿಲ್ಲಿಸುವ ಮನೆಗಳು ನಮ್ಮಲ್ಲಿ ಬಹಳ. ಅದೇ ಪಡಸಾಲೆಯ ಹೊಸ್ತಿಲಲ್ಲಿ ಸಂಜೆ ದೀಪ, ಆಚೆ ಅಡುಗೆಮನೆಯಲ್ಲಿ ಗ್ಯಾಸ್. ಸೋರುವ ಗಾಡಿ ರಾತ್ರಿ ಹೊರಗಿರಲಿ. ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ ಬಾಗಿಲು ತೆರೆಯಿರಿ, ಕಾಕ್ ಮುಚ್ಚಿ, ಗಾಡಿಯನ್ನು ಹೊರಗೆ ತಳ್ಳಿ. ಹತ್ತಿಕೊಂಡರೆ ನೀರು ಸುರಿಯಬಾರದು, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಒಣ ಮರಳು ಅಥವಾ ಪೌಡರ್ ಸಿಲಿಂಡರ್ ಬೇಕು.

ಅಪ್ಪನ ಹಳೇ ಗಾಡಿಯನ್ನು ಊರಿನಲ್ಲಿ ಬಿಟ್ಟು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವವರು ತುಂಬ ಜನ. ಅಂಥವರು ಹೊರಡುವ ಹಿಂದಿನ ದಿನ ಕಾಕ್ ಮುಚ್ಚಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಬೇಕು, ಆಮೇಲೆ ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಇಳಿಸಬೇಕು. ಓಡಿಸಿ ನಿಲ್ಲಿಸಿದರಷ್ಟೇ ಸಾಲದು, ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಅದು ಆರಿ ಅಂಟಾಗಿ ಅರ್ಧ ಮಿಲಿಮೀಟರಿಗಿಂತ ಕಿರಿದಾದ ಸ್ಲೋ ಜೆಟ್ಟಿನ ತೂತನ್ನು ಕಟ್ಟುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲಾದರೆ ಅಂಟು ಇನ್ನೂ ಜಾಸ್ತಿ. ಟ್ಯಾಂಕನ್ನು ಒಂದೋ ಹೊಸ ಪೆಟ್ರೋಲಿನಿಂದ ಬಹುತೇಕ ತುಂಬಿಸಿ, ಇಲ್ಲವೇ ಪೂರ್ತಿ ಬರಿದು ಮಾಡಿ ಒಳಗೆ ಆಯಿಲ್ ಸವರಿ. ಮೂರು–ನಾಲ್ಕು ತಿಂಗಳಿಗೆ ಮೊದಲನೆಯದು ಸಾಕು, ವರ್ಷಕ್ಕಾದರೆ ಎರಡನೆಯದು. ಅರ್ಧ ಟ್ಯಾಂಕ್ ಮಾತ್ರ ಬೇಡ.

ಮುಂದಿನ ಹಬ್ಬಕ್ಕೆ ಬಂದಾಗ ಕವರ್ ತೆಗೆದ ಕೂಡಲೇ ಕಿಕ್ ಹೊಡೆಯಬೇಡಿ. ಮೊದಲು ಓವರ್‌ಫ್ಲೋ ಪೈಪಿಗೆ ತೆಳು ತಂತಿ ತೂರಿಸಿ ಮಣ್ಣು ಕಟ್ಟಿದೆಯೇ ನೋಡಿ. ಡಿಪ್‌ಸ್ಟಿಕ್ ತೆಗೆದು ಮೂಸಿ. ಟ್ಯಾಂಕಿನೊಳಕ್ಕೆ ಮೊಬೈಲ್ ಟಾರ್ಚ್ ಬಿಟ್ಟು ತುಕ್ಕಿದೆಯೇ ಇಣುಕಿ, ಬೆಂಕಿಕಡ್ಡಿ ಗೀರಿ ನೋಡಿದವರ ಕತೆ ಪ್ರತಿ ಊರಿನಲ್ಲೂ ಒಂದಿದೆ. ಪ್ಲಗ್ ಬಿಚ್ಚಿಯೇ ನಾಲ್ಕು ಸಲ ಕಿಕ್ಕರ್ ಇಳಿಸಿ, ಎಂಜಿನ್ ಸಲೀಸಾಗಿ ತಿರುಗಿದರೆ ಪ್ಲಗ್ ಹಾಕಿ. ಈಗ ಕಾಕ್ ತೆರೆದು ಐದು ನಿಮಿಷ ಸುಮ್ಮನೆ ನಿಂತು ಕಾರ್ಬೊರೇಟರಿನ ಕೆಳಗೆ ಕಣ್ಣಿಡಿ. ಒಣಗಿದ ಸೂಜಿ ಸೀಟಿಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಆ ಐದು ನಿಮಿಷದಲ್ಲಿ ತಿಳಿಯುತ್ತದೆ. ಹನಿ ಬೀಳದಿದ್ದರೆ ಚೋಕ್ ಎಳೆಯಿರಿ, ಸೆಲ್ಫ್ ಇದ್ದರೂ ಮೊದಲ ಸಲಕ್ಕೆ ಕಾಲನ್ನೇ ಬಳಸಿ.